ಹಳೆಯ ಸದ್ದುಗಳ ಚರಿತ್ರೆ: ರಂಗದ ತಗಡಿನಿಂದ ವಿದ್ಯಾರ್ಥಿಯ ಕಂಪ್ಯೂಟರಿನವರೆಗೆ

ನಾಟಕ, ಸಿನಿಮಾ, ಬಾನುಲಿ ಕಾರ್ಯಕ್ರಮಗಳಲ್ಲಿ ಮಾತು ಮತ್ತು ಸಂಗೀತವನ್ನು ಬಿಟ್ಟು ಕೇಳಿಬರುವ ಸದ್ದುಗಳನ್ನೆಲ್ಲ ಧ್ವನಿ ಪರಿಣಾಮಗಳೆಂದು ಕರೆಯುತ್ತಾರೆ. ಬಾಗಿಲಿನ ಕಿರುಗುಟ್ಟುವಿಕೆ, ಕುದುರೆಯ ಓಟ, ಗುಡುಗು, ಸಂತೆಯ ಗದ್ದಲ, ದೂರದ ರೈಲಿನ ಕೂಗು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ರೆಕಾರ್ಡಿಂಗ್ ಕೋಣೆಯ ಬಳಕೆಯ ಮಾತಿನಲ್ಲಿ ಇವು ಎಫೆಕ್ಟುಗಳು. ಕಥೆ ನಡೆಯುವ ಕಾಲ ಹಿಂದಿನದಾದರೆ ಎಫೆಕ್ಟುಗಳೂ ಆ ಕಾಲದವೇ ಆಗಿರಬೇಕು. 1965ರ ಬೆಂಗಳೂರಿನ ಬೀದಿಯಲ್ಲಿ ಇಂದಿನ ಕಾರಿನ ಹಾರನ್ ಕೇಳಿಬಂದರೆ, ವೇಷಭೂಷಣ ಎಷ್ಟೇ ಸರಿಯಿದ್ದರೂ ಕೇಳುಗನ ನಂಬಿಕೆ ಅಲ್ಲಿಗೇ ಮುರಿಯುತ್ತದೆ.

ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟ್ ಈ ಮಾತಿಗೆ ಒಳ್ಳೆಯ ಉದಾಹರಣೆ. ಹಂಪಿನಗರವೆಂದೂ ಹೆಸರಿರುವ ಈ ಬಡಾವಣೆಗೆ ಹತ್ತಿರದಲ್ಲೇ ಮೈಸೂರು ರೈಲು ಮಾರ್ಗ ಹಾದುಹೋಗುತ್ತದೆ. ಬಿನ್ನಿ ಮಿಲ್ಲಿನ ಜಾಗ ದೂರವೇನಲ್ಲ. ನಾಲ್ಕೈದು ದಶಕಗಳ ಹಿಂದಿನ ಇಲ್ಲಿನ ಬದುಕನ್ನು ಕುರಿತು ಮಾಧ್ಯಮ ವಿದ್ಯಾರ್ಥಿಯೊಬ್ಬರು ಬಾನುಲಿ ನಾಟಕವನ್ನೋ ಕಿರುಚಿತ್ರವನ್ನೋ ಮಾಡಹೊರಟರೆ ಮೀಟರ್ ಗೇಜ್ ಹಳಿಯ ಮೇಲಿನ ಹಬೆ ಎಂಜಿನ್, ಗಿರಣಿಯ ಸೈರನ್, ನಗರ ಸಾರಿಗೆಯ ಬಿಟಿಎಸ್ ಬಸ್ಸು, ನಂಬರ್ ತಿರುಗಿಸುವ ಟೆಲಿಫೋನ್, ಗೋಲಿ ಸೋಡಾ, ಜಟಕಾಗಾಡಿ ಇವುಗಳ ಸದ್ದುಗಳು ಬೇಕಾಗುತ್ತವೆ. ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ವಿದ್ಯಾರ್ಥಿಗಿರುವುದಿಲ್ಲ. ಪುಕ್ಕಟೆಯಾಗಿ ಸಿಗುವುದೇನು, ಅದನ್ನು ಬಳಸುವ ಹಕ್ಕು ಎಷ್ಟರ ಮಟ್ಟಿಗಿದೆ, ಸಿಗದ ಸದ್ದು ಸಿಗದೆ ಹೋದದ್ದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಈ ಕಸುಬಿನ ಚರಿತ್ರೆಯಲ್ಲಿದೆ.

ರಂಗದ ಮೇಲಿನ ಸದ್ದು

ಯಂತ್ರಗಳು ಬರುವ ಮೊದಲು ಧ್ವನಿ ಪರಿಣಾಮ ಸಂಪೂರ್ಣವಾಗಿ ಕೈಕಸುಬಾಗಿತ್ತು. ಯಕ್ಷಗಾನದಲ್ಲಿ ಯುದ್ಧದ ಅಬ್ಬರವನ್ನು ಚೆಂಡೆಯೇ ಕಟ್ಟಿಕೊಡುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತಿಕೆ ಮತ್ತು ಮಾತಷ್ಟೇ ಇರುವ ತಾಳಮದ್ದಳೆ ರಾತ್ರಿಯಿಡೀ ಕಿವಿಯಿಂದಲೇ ಕಥೆ ನೋಡುವ ಅಭ್ಯಾಸವನ್ನು ಕರಾವಳಿ ಮಲೆನಾಡುಗಳ ಜನರಿಗೆ ಬಾನುಲಿ ಹುಟ್ಟುವ ಎಷ್ಟೋ ಮೊದಲೇ ಕಲಿಸಿತ್ತು.

ವೃತ್ತಿ ನಾಟಕ ಕಂಪನಿಗಳು ಬಂದಾಗ ಸದ್ದು ಸೈಡ್ ವಿಂಗಿನ ಕೆಲಸವಾಯಿತು. 1884ರಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಹೆಸರುವಾಸಿಯಾದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅಂಥ ಅನುಕೂಲವಿಲ್ಲದ ಕಂಪನಿಗಳಿಗೆ ಕೈಗೆ ಸಿಕ್ಕಿದ ಸಾಮಾನೇ ಗತಿ. ಅಗಲವಾದ ತಗಡಿನ ಹಾಳೆಯನ್ನು ತೂಗುಹಾಕಿ ಅಲುಗಾಡಿಸಿದರೆ ಗುಡುಗು. ಎರಡು ತೆಂಗಿನ ಚಿಪ್ಪುಗಳನ್ನು ಹಲಗೆಯ ಮೇಲೆ ಬಡಿದರೆ ಕುದುರೆಯ ಗೊರಸು. ಮೊರದಲ್ಲಿ ಒಣಗಿದ ಕಾಳನ್ನು ಉರುಳಿಸಿದರೆ ಮಳೆ. ಈ ಉಪಾಯಗಳು ಒಂದೇ ನಾಡಿನ ಸ್ವತ್ತಲ್ಲ. ಯುರೋಪಿನ ರಂಗಭೂಮಿಯಲ್ಲೂ ತಗಡು ಮತ್ತು ಕಾಳು ಇದೇ ಕೆಲಸ ಮಾಡಿವೆ. ಈ ಸದ್ದುಗಳು ಆಯಾ ರಾತ್ರಿಯ ಪ್ರೇಕ್ಷಕರಿಗೆ ಮಾತ್ರ ಸಂದು ಮುಗಿದುಹೋದವು.

ಕಸುಬಿನ ಈ ಎಳೆ ಆಧುನಿಕ ರಂಗಭೂಮಿಯಲ್ಲೂ ಮುಂದುವರಿಯಿತು. ಗುಬ್ಬಿ ಕಂಪನಿಯಲ್ಲಿ ಬಾಲ್ಯದ ಪಾಠ ಕಲಿತ ಬಿ.ವಿ. ಕಾರಂತರು ವಾದ್ಯಗಳ ಜೊತೆಗೆ ದಿನಬಳಕೆಯ ವಸ್ತುಗಳಿಂದಲೂ ನಟರ ಕಂಠದಿಂದಲೂ ರಂಗಸಂಗೀತವನ್ನು ಹೊರಡಿಸಿದರು. ಅವರ ಪ್ರಯೋಗಗಳಲ್ಲಿ ಸಂಗೀತ ಎಲ್ಲಿ ಮುಗಿಯಿತು, ಧ್ವನಿ ಪರಿಣಾಮ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೂಲಕ ಈ ವಿದ್ಯೆ ಹೊಸ ತಲೆಮಾರಿಗೆ ದಾಟಿತು. ಹಣವಿಲ್ಲದ ವಿದ್ಯಾರ್ಥಿ ತಂಡಕ್ಕೆ ಮೊದಲ ಪಾಠ ಸಿಗುವುದು ಈ ಪರಂಪರೆಯಲ್ಲೇ.

ಬಾನುಲಿಯ ಕಾಲ

ಬಾನುಲಿ ನಾಟಕದಲ್ಲಿ ಕಣ್ಣಿಗೆ ಏನೂ ಇಲ್ಲದ್ದರಿಂದ ಎಫೆಕ್ಟಿನ ಬೆಲೆ ಏರಿತು. ಬಿಬಿಸಿ 1924ರ ಜನವರಿ 15ರಂದು ಪ್ರಸಾರ ಮಾಡಿದ ರಿಚರ್ಡ್ ಹ್ಯೂಸ್ ಅವರ ‘ಡೇಂಜರ್’ ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲೊಂದು. ದೀಪ ಆರಿದ ಕಲ್ಲಿದ್ದಲ ಗಣಿಯೊಳಗೆ ಕಥೆ ನಡೆಯುವುದರಿಂದ ಕೇಳುಗನಿಗೂ ಪಾತ್ರಕ್ಕೂ ಒಂದೇ ಕತ್ತಲೆ. ಸ್ಟುಡಿಯೊದಲ್ಲಿ ಮೈಕಿನ ಮುಂದೆ ನಿಂತು ಸದ್ದು ಮಾಡುವವರು ಅಂದಿನಿಂದ ನಾಟಕ ತಂಡದ ಭಾಗವಾದರು.

ಕರ್ನಾಟಕದಲ್ಲಿ ಬಾನುಲಿ ಆರಂಭವಾದದ್ದು ಮೈಸೂರಿನ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ 30 ವಾಟ್ ಶಕ್ತಿಯ ಪ್ರಸಾರಕದಲ್ಲಿ ‘ಆಕಾಶವಾಣಿ’ಯನ್ನು ಶುರುಮಾಡಿದರು. ಮುಂದೆ ಅದನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ನಿಲಯಗಳು ಆರಂಭವಾದವು. ಎ.ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾದರು. ಯಮುನಾಮೂರ್ತಿಯವರು ಬೆಂಗಳೂರು ನಿಲಯದ ನಾಟಕಗಳ ಮೂಲಕ ಕೇಳುಗರಿಗೆ ಹತ್ತಿರವಾದರು. ರಾತ್ರಿ ನಾಟಕದ ಹೊತ್ತಿಗೆ ರೇಡಿಯೊ ಇರುವ ಮನೆಗೆ ಅಕ್ಕಪಕ್ಕದವರು ಬಂದು ಕೂರುತ್ತಿದ್ದ ಕಾಲ ಅದು.

ಬಾನುಲಿ ನಾಟಕದ ಎಫೆಕ್ಟಿನಲ್ಲಿ ಎರಡು ಬಗೆ. ಬಾಗಿಲು, ಚಿಲಕ, ಬಳೆ, ಲೋಟ, ಹೆಜ್ಜೆ ಮುಂತಾದವನ್ನು ನಟರು ಮಾತಾಡುವಾಗಲೇ ಸ್ಟುಡಿಯೊದಲ್ಲಿ ಮಾಡುವುದು ಒಂದು. ರೈಲು, ವಿಮಾನ, ಸಮುದ್ರ, ಜನಜಂಗುಳಿ ಮುಂತಾಗಿ ಸ್ಟುಡಿಯೊದೊಳಗೆ ಹುಟ್ಟಿಸಲಾಗದ್ದನ್ನು ಮೊದಲೇ ಮುದ್ರಿಸಿದ ತಟ್ಟೆಯಿಂದಲೋ ಟೇಪಿನಿಂದಲೋ ನುಡಿಸುವುದು ಇನ್ನೊಂದು. ತಟ್ಟೆಯ ಮೇಲೆ ಬೇಕಾದ ಗೆರೆಗೆ ಮುಳ್ಳನ್ನು ಸರಿಯಾಗಿ ಇಳಿಸುವುದಕ್ಕೆ ಕೈಚಳಕ ಬೇಕು. ಸ್ಪೂಲ್ ಟೇಪ್ ಬಂದಮೇಲೆ ಅದನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಸದ್ದುಗಳನ್ನು ಜೋಡಿಸುವ ಅನುಕೂಲ ಸಿಕ್ಕಿತು.

ಟೇಪಿನ ಗುಣವೇ ಅದರ ದೋಷವೂ ಆಯಿತು. ಒಂದು ಸಲ ಮುದ್ರಿಸಿದ್ದನ್ನು ಅಳಿಸಿ ಅದರ ಮೇಲೆಯೇ ಮತ್ತೆ ಮುದ್ರಿಸಬಹುದು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಪಂಚದ ಹಲವು ಬಾನುಲಿ ಸಂಸ್ಥೆಗಳು ಪ್ರಸಾರ ಮುಗಿದ ಟೇಪುಗಳನ್ನು ಮತ್ತೆ ಬಳಸುತ್ತಿದ್ದವು. ಹೆಸರಾಂತ ಗಾಯಕರ ಕಛೇರಿ, ಗಣ್ಯರ ಭಾಷಣಗಳಿಗೆ ಸಂಗ್ರಹದಲ್ಲಿ ಜಾಗ ಸಿಗುವುದು ಸುಲಭ; ಒಂದು ನಾಟಕಕ್ಕಾಗಿ ಮಾಡಿಕೊಂಡ ಸಂತೆಯ ಸದ್ದಿಗೆ ಇಲ್ಲಿ ಅಂಥ ಮಾನ ಇರಲಿಲ್ಲ. ಎಫೆಕ್ಟನ್ನು ಸಾಮಾನಿನಂತೆ ಬಳಸಿದರೇ ಹೊರತು ದಾಖಲೆಯೆಂದು ನೋಡಲಿಲ್ಲ.

ಸಿನಿಮಾದಲ್ಲಿ ಕೇಳದೆ ಹೋದ ಬೆಂಗಳೂರು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಅದರ ಪ್ರತಿ ಇಂದು ಉಳಿದಿಲ್ಲ. ಕನ್ನಡ ಪರದೆಯ ಮೇಲೆ ಮೊದಲು ಕೇಳಿದ ಸದ್ದುಗಳು ಅದರೊಂದಿಗೇ ಹೋದವು.

ಆ ಬಳಿಕ ಹಲವು ದಶಕ ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾದವು. ಮೈಸೂರಿನ ಪ್ರೀಮಿಯರ್, ಬೆಂಗಳೂರಿನ ಕಂಠೀರವ ಮತ್ತು ಚಾಮುಂಡೇಶ್ವರಿ, ಕೆಂಗೇರಿ ಕಡೆಯ ಅಭಿಮಾನ್ ಸ್ಟುಡಿಯೊಗಳು ಬಂದಮೇಲೂ ಹಾಡು ಮತ್ತು ಮಿಶ್ರಣದ ಕೆಲಸಕ್ಕೆ ಮದ್ರಾಸಿನ ರೈಲು ಹತ್ತುವುದು ತಪ್ಪಲಿಲ್ಲ. ಶಂಕರ್ ನಾಗ್ ಮತ್ತು ಅನಂತ್ ನಾಗ್ ಸಹೋದರರು ಬೆಂಗಳೂರಿನಲ್ಲಿ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದ್ದು ಈ ಅವಲಂಬನೆಯನ್ನು ಕಡಿಮೆ ಮಾಡಲೆಂದೇ.

ಕಲಿಕೆಯ ವಿಷಯದಲ್ಲಿ ಮಾತ್ರ ಬೆಂಗಳೂರು ಮುಂದಿತ್ತು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಮತ್ತು ಧ್ವನಿಮುದ್ರಣದ ತರಬೇತಿ ಆರಂಭವಾಗಿತ್ತು. ಗುರುದತ್ ಚಿತ್ರಗಳ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಓದಿದವರು. ಗೋವಿಂದ ನಿಹಲಾನಿ 1962ರಲ್ಲಿ ಅಲ್ಲಿಂದಲೇ ಹೊರಬಂದರು. ಈ ಕೋರ್ಸುಗಳೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಬುನಾದಿಯಾದವು.

ಹಳೆಯ ಸಿನಿಮಾದಿಂದ ಸದ್ದು ಹುಡುಕುವವರು ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿರಬೇಕು. 1930ರಿಂದ 50ರ ದಶಕದವರೆಗೆ ಕ್ಯಾಮೆರಾದ ಗರಗರ ಹೊರಗೆ ಕೇಳದಂತೆ ಕವಚ ಹಾಕಿ, ಸ್ಟುಡಿಯೊದಲ್ಲೇ ಚಿತ್ರದೊಂದಿಗೆ ಮಾತನ್ನೂ ಮುದ್ರಿಸುವುದು ಸಾಮಾನ್ಯವಾಗಿತ್ತು. ಆಮೇಲೆ ಹಗುರವಾದ, ಆದರೆ ಬಹಳ ಸದ್ದು ಮಾಡುವ ಆರಿಫ್ಲೆಕ್ಸ್ ಕ್ಯಾಮೆರಾಗಳು ಬಂದವು. ಚಿತ್ರೀಕರಣ ಬೀದಿಗಿಳಿಯಿತು, ಅಲ್ಲಿ ಸಿಕ್ಕ ಧ್ವನಿ ಬರೀ ಗುರುತಿಗೆ ಉಳಿದು, ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಮುದ್ರಿಸುವ ಪದ್ಧತಿ ಬೇರೂರಿತು. ಹೆಜ್ಜೆ, ಬಟ್ಟೆಯ ಸರಸರ, ಪಾತ್ರೆಗಳ ಸದ್ದನ್ನು ಪರದೆ ನೋಡಿಕೊಂಡು ಹೊಸದಾಗಿ ಮಾಡಿದರು. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊದಲ್ಲಿ ಜ್ಯಾಕ್ ಫೋಲಿ ರೂಢಿಗೆ ತಂದ ಈ ಕೆಲಸಕ್ಕೆ ಅವರ ಹೆಸರೇ ನಿಂತಿದೆ. ವಾಹನ, ಹಕ್ಕಿ, ಬಿರುಗಾಳಿಗಳು ಸ್ಟುಡಿಯೊದ ಸಂಗ್ರಹದಿಂದ ಬಂದವು.

ಇದರ ಪರಿಣಾಮ ದೊಡ್ಡದು. 1970, 80ರ ದಶಕದ ಚಿತ್ರಗಳಲ್ಲಿ ಕಣ್ಣಿಗೆ ಕಾಣುವ ಬೆಂಗಳೂರು ನಿಜದ್ದು. ಕಿವಿಗೆ ಕೇಳುವುದು ಬಹುಮಟ್ಟಿಗೆ ಬೇರೆಲ್ಲೋ ಮುದ್ರಿಸಿದ್ದು. ನಗರದ ಬೀದಿಗಳು ಹೇಗಿದ್ದವೆಂಬುದಕ್ಕೆ ಸಿನಿಮಾ ಸಾಕ್ಷಿಯಾಗಬಲ್ಲದು, ಹೇಗೆ ಸದ್ದುಮಾಡುತ್ತಿದ್ದವು ಎಂಬುದಕ್ಕೆ ಆಗಲಾರದು. ಸ್ಥಳದಲ್ಲೇ ಧ್ವನಿ ಮುದ್ರಿಸುವ ಕ್ರಮ ‘ಉಳಿದವರು ಕಂಡಂತೆ’ (2014), ‘ತಿಥಿ’ಯಂಥ ಚಿತ್ರಗಳ ಹೊತ್ತಿಗೆ ಮತ್ತೆ ಗಮನ ಸೆಳೆಯಿತು. ನಡುವಿನ ದಶಕಗಳ ಸದ್ದು ಬಹುತೇಕ ದಾಖಲಾಗದೆ ಹೋಗಿದೆ.

ಪರದೇಶದ ಸಂಗ್ರಹಗಳು ಬಾಗಿಲು ತೆರೆದದ್ದು

ಕನ್ನಡದಲ್ಲಿ ಉಳಿಯದ ಎಫೆಕ್ಟುಗಳು ಬೇರೆ ಕಡೆ ಉಳಿದದ್ದಕ್ಕೆ ಕಾರಣ ದೊಡ್ಡ ಸ್ಟುಡಿಯೊಗಳು ಅವನ್ನು ಮತ್ತೆ ಮತ್ತೆ ಬಳಸಲೆಂದು ಕ್ರಮವಾಗಿ ಜೋಡಿಸಿಟ್ಟದ್ದು. 1930, 40ರ ದಶಕದ ಹಾಲಿವುಡ್ ಎಫೆಕ್ಟುಗಳು ಬೇಗ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮಿನ ಮೇಲೆ, ಬೆಳಕಿನ ಗೆರೆಗಳ ರೂಪದಲ್ಲಿ ಮುದ್ರಿತವಾಗಿದ್ದವು. ಅವುಗಳಲ್ಲಿ ಒಂದು ಭಾಗ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ವಿಭಾಗಕ್ಕೆ ಸೇರಿ ಟೇಪಿಗೆ ವರ್ಗವಾಯಿತು. ಕ್ರೇಗ್ ಸ್ಮಿತ್ ಎಂಬ ಧ್ವನಿತಜ್ಞರು ಹೀಗೆ ಉಳಿದ ‘ಗೋಲ್ಡ್’ ಮತ್ತು ‘ರೆಡ್’ ಎಂಬ ಸಂಗ್ರಹಗಳನ್ನೂ, ಸನ್‌ಸೆಟ್ ಎಡಿಟೋರಿಯಲ್ ಎಂಬ ಸಂಸ್ಥೆಯ ಸಂಗ್ರಹವನ್ನೂ ಡಿಜಿಟಲ್ ರೂಪಕ್ಕೆ ತಂದು ಫ್ರೀಸೌಂಡ್ ಮತ್ತು ಇಂಟರ್ನೆಟ್ ಆರ್ಕೈವ್ ತಾಣಗಳಲ್ಲಿ ಸಿಸಿ ಝೀರೋ ಪರವಾನಗಿಯಡಿ ಇಟ್ಟರು. ಅಂದರೆ ಯಾವ ಷರತ್ತೂ ಇಲ್ಲ. ಯಾರು ಬೇಕಾದರೂ ಬಳಸಬಹುದು. ಹಳೆಯ ಕಾರು, ಗುಂಡಿನ ಸದ್ದು, ಸೈರನ್, ರೈಲು, ವಿಮಾನ, ಬಾಗಿಲುಗಳಿಗೆ ಇದಕ್ಕಿಂತ ಒಳ್ಳೆಯ ಪುಕ್ಕಟೆ ಆಕರ ಸಿಗುವುದು ಕಷ್ಟ.

ಫ್ರೀಸೌಂಡ್ 2005ರಲ್ಲಿ ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ವಿಭಾಗ ಶುರುಮಾಡಿದ ತಾಣ. ಪ್ರಪಂಚದ ಎಲ್ಲ ಕಡೆಯ ಜನ ತಾವು ಮುದ್ರಿಸಿದ್ದನ್ನು ಅಲ್ಲಿ ಹಂಚಿಕೊಳ್ಳುತ್ತಾರೆ. ಪ್ರತಿ ಸದ್ದಿಗೂ ಪರವಾನಗಿ ಬೇರೆ: ಕೆಲವಕ್ಕೆ ಷರತ್ತಿಲ್ಲ, ಕೆಲವಕ್ಕೆ ಮುದ್ರಿಸಿದವರ ಹೆಸರು ಹಾಕಬೇಕು, ಇನ್ನು ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಇಳಿಸಿಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಬಿಬಿಸಿ 2018ರಲ್ಲಿ ತನ್ನ ಸಂಗ್ರಹದ 16,000ಕ್ಕೂ ಹೆಚ್ಚು ಎಫೆಕ್ಟುಗಳನ್ನು ಸಾರ್ವಜನಿಕರಿಗೆ ತೆರೆಯಿತು. ಮುಂದೆ ಆ ಸಂಖ್ಯೆ ಇಮ್ಮಡಿಯಾಯಿತು. ಸ್ವಂತಕ್ಕೆ, ಕಲಿಕೆಗೆ, ಸಂಶೋಧನೆಗೆ ಇವನ್ನು ಉಚಿತವಾಗಿ ಬಳಸಬಹುದು. ತರಗತಿಯ ಕೆಲಸಕ್ಕೆ ಅಡ್ಡಿಯಿಲ್ಲ. ಅದೇ ಕಿರುಚಿತ್ರದಿಂದ ಜಾಹೀರಾತಿನ ಆದಾಯ ಪಡೆಯುವುದಾದರೆ ಬೇರೆ ಪರವಾನಗಿ ಕೊಳ್ಳಬೇಕು.

ಇಂಟರ್ನೆಟ್ ಆರ್ಕೈವ್ 78 ಸುತ್ತಿನ ತಟ್ಟೆಗಳನ್ನು ದೊಡ್ಡ ಪ್ರಮಾಣದಲ್ಲಿ ಡಿಜಿಟಲ್ ಮಾಡಿದೆ. ಆದರೆ ಒಂದು ತಾಣದಲ್ಲಿ ಸಿಕ್ಕಿತೆಂಬ ಕಾರಣಕ್ಕೆ ಒಂದು ಮುದ್ರಣ ಹಕ್ಕಿನಿಂದ ಮುಕ್ತವಾಗುವುದಿಲ್ಲ. ಈ ತಟ್ಟೆಗಳ ವಿಷಯವಾಗಿಯೇ 2023ರಲ್ಲಿ ದೊಡ್ಡ ಸಂಗೀತ ಕಂಪನಿಗಳು ಆರ್ಕೈವ್ ಮೇಲೆ ಮೊಕದ್ದಮೆ ಹೂಡಿದವು. ಅಮೆರಿಕದ ಕಾನೂನಿನಂತೆ 1923ಕ್ಕೆ ಮುಂಚೆ ಪ್ರಕಟವಾದ ಧ್ವನಿಮುದ್ರಣಗಳು 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. 1923ರವು 2024ರಲ್ಲಿ, 1924ರವು 2025ರಲ್ಲಿ, ಹೀಗೆ ವರ್ಷಕ್ಕೊಂದರಂತೆ ಮುಕ್ತವಾಗುತ್ತಿವೆ. ಆ ಕಾಲದ ಸಂಗೀತ ಮತ್ತು ಮಾತುಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ನ್ಯಾಷನಲ್ ಜ್ಯೂಕ್‌ಬಾಕ್ಸ್’ ಎಂಬ ಹೆಸರಿನಲ್ಲಿ ಕೇಳಿಸುತ್ತದೆ.

ಭಾರತದ ಕಾನೂನು ಹೇಳುವುದೇನು

ಗುಡುಗಿಗೆ ಹಕ್ಕುದಾರರಿಲ್ಲ; ಗುಡುಗನ್ನು ಮುದ್ರಿಸಿದ ಟೇಪಿಗೆ ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆ ಧ್ವನಿಮುದ್ರಣವನ್ನು ಪ್ರತ್ಯೇಕ ಕೃತಿಯೆಂದು ಗುರುತಿಸುತ್ತದೆ. 27ನೇ ಸೆಕ್ಷನ್ ಪ್ರಕಾರ ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1964ರಲ್ಲಿ ಪ್ರಕಟವಾದ ತಟ್ಟೆ 2025ರ ಜನವರಿ 1ರಿಂದ ಮುಕ್ತ. ಸಿನಿಮಾಕ್ಕೂ 60 ವರ್ಷವೇ. ಆ ಲೆಕ್ಕದಲ್ಲಿ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ 2014ರ ಕೊನೆಗೆ ಮುಗಿದಿದೆ. ಬಾನುಲಿ ಸಂಸ್ಥೆಗೆ ತನ್ನ ಪ್ರಸಾರದ ಮೇಲಿರುವ ವಿಶೇಷ ಹಕ್ಕಿನ ಅವಧಿ 25 ವರ್ಷ.

ಮುದ್ರಣ ಮುಕ್ತವಾದರೂ ಅದರೊಳಗಿನ ಸಾಹಿತ್ಯ ಮತ್ತು ಸಂಗೀತ ಮುಕ್ತವಾಗಿರಬೇಕೆಂದಿಲ್ಲ. ಬರಹಗಾರರು ಮತ್ತು ಸಂಗೀತ ರಚನೆಕಾರರ ಹಕ್ಕು ಅವರ ಆಯಸ್ಸಿನ ನಂತರವೂ 60 ವರ್ಷ ಉಳಿಯುತ್ತದೆ. ದ.ರಾ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕವನ ಹಾಡಿರುವ ಹಳೆಯ ತಟ್ಟೆಯನ್ನು ಹಿನ್ನೆಲೆಗೆ ಹಾಕಲು ಅನುಮತಿ ಬೇಕು. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ ಅವರ ನಾಟಕಗಳು 2007ರಿಂದಲೇ ಮುಕ್ತವಾಗಿವೆ. ಹಳೆಯ ಬೆಂಗಳೂರಿನ ಮನೆಗಳ ಒಳಗಿನ ಮಾತನ್ನು ತುಂಬಿಕೊಂಡಿರುವ ಆ ನಾಟಕಗಳು ವಿದ್ಯಾರ್ಥಿಗಳ ಬಾನುಲಿ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿವೆ. ಬರೀ ಬಾಗಿಲು, ಚಕ್ಕಡಿ, ಗಾಳಿಯ ಸದ್ದುಗಳ ವಿಷಯದಲ್ಲಿ ಈ ಎರಡನೆಯ ಹಕ್ಕಿನ ತೊಡಕು ಇರುವುದಿಲ್ಲ.

ಕಾಯಿದೆಯ 52ನೇ ಸೆಕ್ಷನ್ ಪಾಠಪ್ರವಚನದ ಭಾಗವಾಗಿ ಕೃತಿಗಳನ್ನು ಬಳಸಲು ವಿನಾಯಿತಿ ಕೊಡುತ್ತದೆ. ಶಿಕ್ಷಣ ಸಂಸ್ಥೆಯೊಳಗೆ ಶಿಕ್ಷಕರು, ವಿದ್ಯಾರ್ಥಿಗಳು, ಪೋಷಕರ ಮುಂದೆ ನಡೆಯುವ ಪ್ರದರ್ಶನಕ್ಕೂ ರಿಯಾಯಿತಿಯಿದೆ. ಚಿತ್ರೋತ್ಸವಕ್ಕೆ ಕಳಿಸಿದಾಗ ಅಥವಾ ಎಲ್ಲರಿಗೂ ಸಿಗುವಂತೆ ಯೂಟ್ಯೂಬ್‌ಗೆ ಹಾಕಿದಾಗ ಈ ರಕ್ಷಣೆಯನ್ನು ನೆಚ್ಚುವಂತಿಲ್ಲ. ಆದ್ದರಿಂದ ಮೊದಲಿನಿಂದಲೇ ಮುಕ್ತ ಪರವಾನಗಿಯ ಸದ್ದುಗಳನ್ನೇ ಆರಿಸಿಕೊಳ್ಳುವುದು ಜಾಣತನ.

ನಾಡಿನೊಳಗಿನ ಆಕರಗಳು

ಕರ್ನಾಟಕದ ಧ್ವನಿಸಂಗ್ರಹಗಳು ಹೆಚ್ಚಾಗಿ ಹಾಡು ಮತ್ತು ಕಲೆಗೆ ಸಂಬಂಧಿಸಿದವು. ಹಾಲೆಂಡಿನ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ ಕಲಾಪ್ರಕಾರಗಳನ್ನು ಧ್ವನಿ ಮತ್ತು ಚಿತ್ರದಲ್ಲಿ ದಾಖಲಿಸಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ದಾರಿಯಲ್ಲಿ ಮತ್ತೆ ನಡೆದು, ಬಾಕೆ ಕಂಡ ಕಲೆಗಳು ಎಷ್ಟು ಉಳಿದಿವೆ, ಎಷ್ಟು ಬದಲಾಗಿವೆ ಎಂದು ಪರಿಶೀಲಿಸಿದರು. 1982ರಲ್ಲಿ ಆರಂಭವಾದ ಗುರುಗ್ರಾಮದ ಜನಾಂಗೀಯ ಸಂಗೀತ ದಾಖಲೆ ಮತ್ತು ಸಂಶೋಧನಾ ಕೇಂದ್ರ ಇಂಥ ಮುದ್ರಣಗಳನ್ನು ಕಾಪಾಡುತ್ತಿದೆ.

ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ರಂಗಕಲೆಗಳ ಸಂಪನ್ಮೂಲ ಕೇಂದ್ರ ಕು.ಶಿ. ಹರಿದಾಸ ಭಟ್ಟರ ದುಡಿಮೆಯಿಂದ ಬೆಳೆದದ್ದು. ಯಕ್ಷಗಾನ, ಭೂತಾರಾಧನೆ, ಪಾಡ್ದನಗಳ ಮುದ್ರಣಗಳು ಅಲ್ಲಿವೆ. ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿಗಳಲ್ಲಿ ಜನಪದ ಗೀತೆಗಳನ್ನು ಸಂಗ್ರಹಿಸಿದರು. ಅವರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿ, ಮೈಸೂರು ರಸ್ತೆಯ ಮೇಲೆಯೇ ಇದೆ. ವಿಕ್ರಮ್ ಸಂಪತ್ ಬೆಂಗಳೂರಿನಿಂದ ನಡೆಸುವ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಡಿಜಿಟಲ್ ಮಾಡಿ ಅಂತರ್ಜಾಲದಲ್ಲಿ ಉಚಿತವಾಗಿ ಕೇಳಿಸುತ್ತದೆ. ಇವೆಲ್ಲ ಕೇಳಿ ಕಲಿಯುವುದಕ್ಕೆ ಶ್ರೇಷ್ಠ ಜಾಗಗಳು. ಬಳಸುವ ಮಾತು ಬಂದಾಗ ಸಂಸ್ಥೆಯ ಅನುಮತಿಯ ಜೊತೆಗೆ ಹಾಡಿದವರ, ಆರಾಧನೆ ನಡೆಸಿದ ಸಮುದಾಯದವರ ಒಪ್ಪಿಗೆಯೂ ಮುಖ್ಯ. ದೈವದ ಮುಂದಿನ ವಾದ್ಯ ಅದನ್ನು ನಂಬಿದವರಿಗೆ ಬರೀ ಹಿನ್ನೆಲೆ ಸದ್ದಲ್ಲ.

ಆರ್‌ಪಿಸಿ ಲೇಔಟಿನ ಪದರಗಳು

ಪಶ್ಚಿಮ ಬೆಂಗಳೂರಿನ ಸದ್ದಿನ ಚರಿತ್ರೆಯನ್ನು ಪದರಪದರವಾಗಿ ಗುರುತಿಸಬಹುದು. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ 1880ರ ದಶಕದ ಆರಂಭದಲ್ಲಿ ಬಂದಿತು. 1884ರಲ್ಲಿ ಹುಟ್ಟಿದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಬಿನ್ನಿ ಮಿಲ್ ಎಂದು ಹೆಸರಾಯಿತು. ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್ ಇತ್ತು. ಪಾಳಿ ಬದಲಾಗುವ ಹೊತ್ತಿಗೆ ಕೂಗುತ್ತಿದ್ದ ಗಿರಣಿಯ ಸೈರನ್ ಕೆಲಸಗಾರರ ಮನೆಗಳಿಗೆ ಗಡಿಯಾರವೂ ಆಗಿತ್ತು. ಅತ್ತಿಗುಪ್ಪೆಯಂಥ ಹಳ್ಳಿಗಳ ಸುತ್ತ ಬಡಾವಣೆಗಳು ಬೆಳೆದವು. ಕೆಂಪು ಬಸ್ಸು, ಆಟೊರಿಕ್ಷಾ, ಸ್ಕೂಟರು ಬಂದವು. 1990ರ ದಶಕದಲ್ಲಿ ಮೈಸೂರು ಮಾರ್ಗ ಬ್ರಾಡ್ ಗೇಜ್ ಆಯಿತು, 1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಬಂದಿತು, ಗಿರಣಿಗಳು ಸುಮ್ಮನಾದವು. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ ಶುರುವಾಗಿ ವಿಜಯನಗರ, ಅತ್ತಿಗುಪ್ಪೆಗಳ ತಲೆಯ ಮೇಲೆ ಹೊಸ ಸದ್ದು ಸೇರಿಕೊಂಡಿತು.

ಈ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಯಾವುದನ್ನು ಹೊರಗಿನಿಂದ ತರಬಹುದು, ಯಾವುದನ್ನು ತರಬಾರದು ಎಂಬುದು ತಿಳಿಯುತ್ತದೆ. ಗಿರಣಿಯ ಸೈರನ್, ಟೈಪ್‌ರೈಟರ್, ಗುಡುಗು, ಕಬ್ಬಿಣದ ಗೇಟು ಇವು ಹಾಲಿವುಡ್ ಸಂಗ್ರಹದಿಂದ ಬಂದರೂ ಹೊಂದುತ್ತವೆ. ಹಬೆ ಎಂಜಿನ್ ಆರಿಸುವಾಗ ಎಚ್ಚರ ಬೇಕು. ಅಮೆರಿಕದ ದೊಡ್ಡ ಎಂಜಿನ್ನಿನ ಗಂಟೆ ಮತ್ತು ಸಿಳ್ಳೆ ಮೈಸೂರು ರೈಲಿಗೆ ಸಲ್ಲವು. ಜನಸಂದಣಿಯನ್ನಂತೂ ಹೊರಗಿನಿಂದ ತರಲೇಬಾರದು. ಗುಜುಗುಜುವಿನಲ್ಲೂ ಭಾಷೆಯ ಏರಿಳಿತ ಕಿವಿಗೆ ಸಿಕ್ಕಿಬೀಳುತ್ತದೆ. ಹಕ್ಕಿಗಳದೂ ಇದೇ ಕಥೆ. ಲಂಡನ್ನಿನ ಮುಂಜಾನೆಯ ಹಕ್ಕಿಗಳು ವಿಜಯನಗರದ ಬೆಳಗಿನಲ್ಲಿ ಕೂಗಲಾರವು. ಕೋಗಿಲೆ, ಕಾಗೆ, ಗಿಳಿಗಳ ಕೂಗಿಗೆ 2005ರಲ್ಲಿ ಶುರುವಾದ ಝೆನೋ-ಕ್ಯಾಂಟೊ ಎಂಬ ಹಕ್ಕಿದನಿಗಳ ತಾಣವಿದೆ. ಅಲ್ಲಿ ಮುದ್ರಣದ ಸ್ಥಳ, ದಿನಾಂಕ, ಪರವಾನಗಿ ಎಲ್ಲವನ್ನೂ ನಮೂದಿಸಿರುತ್ತಾರೆ.

ಎಲ್ಲೂ ಸಿಗದ ಸದ್ದನ್ನು ಉಳಿದಿರುವ ವಸ್ತುವಿನಿಂದಲೇ ಹೊರಡಿಸಬೇಕು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಕಪ್ಪು ಟೆಲಿಫೋನುಗಳು ಇನ್ನೂ ಅಟ್ಟಗಳ ಮೇಲಿವೆ. ಲೈನಿಗೆ ಜೋಡಿಸದಿದ್ದರೂ ಡಯಲ್ ತಿರುಗಿಸಿದರೆ ಅದು ಮರಳುವ ಸದ್ದು ಅಂದಿನದೇ. 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್‌ಎಂಟಿ ಕೈಗಡಿಯಾರಕ್ಕೆ ಕೀ ಕೊಡುವ ಸದ್ದು, ಸೀಮೆಎಣ್ಣೆ ಪಂಪ್ ಸ್ಟೌವ್, ಒರಳುಕಲ್ಲು, ರಾಟೆಬಾವಿ, ಗೋಲಿ ಸೋಡಾ, ಹಳೆಯ ಆಟೊದ ರಬ್ಬರ್ ಹಾರನ್ ಎಲ್ಲವೂ ಹುಡುಕಿದರೆ ಸಿಗುತ್ತವೆ. ವಸ್ತುವನ್ನು ಇಟ್ಟುಕೊಂಡಿರುವ ಹಿರಿಯರು ಅದನ್ನು ಬಳಸುತ್ತಿದ್ದ ವೇಗವನ್ನೂ ಲಯವನ್ನೂ ತೋರಿಸಿಕೊಡಬಲ್ಲರು. ಆ ತಿಳಿವಳಿಕೆ ಯಾವ ತಾಣದಿಂದಲೂ ಇಳಿಸಿಕೊಳ್ಳುವಂಥದ್ದಲ್ಲ. ಯಾವ ವಸ್ತು ಯಾವ ವರ್ಷ ಬಳಕೆಯಲ್ಲಿತ್ತು ಎಂದು ಖಚಿತಪಡಿಸಿಕೊಳ್ಳಲು ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಂಥ ಜಾಗಗಳಲ್ಲಿನ ಪುಸ್ತಕಗಳು ನೆರವಾಗುತ್ತವೆ.

ಹೊಸ ಮುದ್ರಣ ಹಳೆಯದರಂತೆ ಕೇಳಬೇಕಾದರೆ ಹಳೆಯ ಯಂತ್ರಗಳ ಮಿತಿಯನ್ನು ಅನುಸರಿಸಬೇಕು. 1925ರವರೆಗೆ ತಟ್ಟೆಗಳನ್ನು ಮೈಕಿಲ್ಲದೆ, ಕಹಳೆಯಂಥ ಕೊಳವೆಯ ಮೂಲಕ ಮುದ್ರಿಸುತ್ತಿದ್ದರು. ಆಮೇಲೆ ವಿದ್ಯುತ್ ಮುದ್ರಣ ಬಂದು ಧ್ವನಿಯ ಹರವು ಹಿಗ್ಗಿತು. ಮಧ್ಯಮ ತರಂಗದ ಬಾನುಲಿಯಲ್ಲಿ 5,000 ಹರ್ಟ್ಸ್‌ಗಿಂತ ಮೇಲಿನ ಸ್ವರ ಹೆಚ್ಚುಕಡಿಮೆ ಕೇಳುತ್ತಿರಲಿಲ್ಲ. ಕಥೆಯ ಪಾತ್ರಗಳು ರೇಡಿಯೊ ಕೇಳುವ ದೃಶ್ಯದಲ್ಲಿ ಆ ಮೇಲಿನ ಭಾಗವನ್ನೂ ತೀರಾ ಕೆಳಗಿನ ಗುಂಯ್‌ಗುಡುವಿಕೆಯನ್ನೂ ತೆಗೆದು, ಎರಡು ಚಾನೆಲನ್ನು ಒಂದಾಗಿಸಿದರೆ ಸಾಕು. ಪಾತ್ರಗಳ ಸುತ್ತ ನಡೆಯುವ ಬದುಕಿನ ಸದ್ದಿಗೆ ಈ ಉಪಾಯ ಬೇಡ. ಹಿಂದಿನವರು ತಮ್ಮ ಮಳೆಯನ್ನು ಪೂರ್ತಿಯಾಗಿಯೇ ಕೇಳಿದ್ದರು. ಸಿಕ್ಕ ಹಳೆಯ ಮುದ್ರಣದ ಸರಸರವನ್ನು ಸಂಪೂರ್ಣ ತೊಳೆಯಲು ಹೋದರೆ ಸದ್ದಿನ ಜೀವವೂ ಹೋಗುತ್ತದೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವುದು ಕಸುಬಿನ ಶಿಸ್ತು.

ದಾಖಲೆಯ ಹೊಣೆ

2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಮೇಲೆ ವಿದ್ಯಾರ್ಥಿಗಳ ಧ್ವನಿಕೆಲಸ ತರಗತಿಯಿಂದ ಹೊರಗೂ ಕೇಳತೊಡಗಿತು. ಹಾಗಾಗಿ ಲೆಕ್ಕ ಇಡುವುದು ಇನ್ನಷ್ಟು ಅಗತ್ಯ. ಬಳಸಿದ ಪ್ರತಿ ಸದ್ದಿನ ಹೆಸರು, ಮುದ್ರಿಸಿದವರು, ಸಿಕ್ಕ ಜಾಗ, ಪರವಾನಗಿ, ಇಳಿಸಿಕೊಂಡ ದಿನಾಂಕ ಇವನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟರೆ ಮುಂದೆ ಯಾರು ಕೇಳಿದರೂ ಉತ್ತರವಿರುತ್ತದೆ. ತಾವೇ ಮುದ್ರಿಸಿದ ಸದ್ದಿಗೆ ಊರು, ಬೀದಿ, ವಸ್ತು, ಅದರ ಕಾಲ, ಮೈಕಿನ ದೂರ, ದಿನ ಮತ್ತು ಹೊತ್ತನ್ನು ಸೇರಿಸಿ, ಕುಗ್ಗಿಸದ ವೇವ್ ಕಡತವಾಗಿ ಉಳಿಸಬೇಕು. ಅದನ್ನು ಮುಕ್ತ ಪರವಾನಗಿಯಲ್ಲಿ ಹಂಚಿದರೆ ಇನ್ನೊಬ್ಬರ ಕೆಲಸಕ್ಕೂ ಒದಗುತ್ತದೆ.

ಕನ್ನಡದ ರಂಗ, ಬಾನುಲಿ, ಸಿನಿಮಾಗಳಲ್ಲಿ ದುಡಿದವರಿಗೆ ಸದ್ದು ಹುಟ್ಟಿಸುವ ಜಾಣ್ಮೆ ಬೇಕಾದಷ್ಟಿತ್ತು; ಅದನ್ನು ಹೆಸರಿಟ್ಟು ಕಾಪಾಡುವ ಏರ್ಪಾಡು ಇರಲಿಲ್ಲ. ಹಾಲಿವುಡ್ಡಿನ ಎಫೆಕ್ಟುಗಳು ಇಂದು ಜಗತ್ತಿಗೆ ಸಿಗುತ್ತಿರುವುದಕ್ಕೆ ಒಂದು ವಿಶ್ವವಿದ್ಯಾಲಯ ಅವನ್ನು ಎಸೆಯದೆ ಇಟ್ಟುಕೊಂಡದ್ದೇ ಕಾರಣ. ಪಶ್ಚಿಮ ಬೆಂಗಳೂರಿನ ಮಾಧ್ಯಮ ವಿಭಾಗಗಳು ಪ್ರತಿ ವರ್ಷದ ವಿದ್ಯಾರ್ಥಿಗಳ ಮುದ್ರಣಗಳನ್ನು ವಿವರಗಳೊಂದಿಗೆ ಸೇರಿಸಿಡುತ್ತ ಹೋದರೆ, ಕೆಲವೇ ವರ್ಷಗಳಲ್ಲಿ ಕನ್ನಡ ನಾಡಿನದೇ ಆದ ಉಚಿತ ಸದ್ದುಗಳ ಸಂಗ್ರಹವೊಂದು ಸಿದ್ಧವಾಗುತ್ತದೆ.